ಉಳದೆ ಬಿಟ್ಟ ಮೂಲೆ

4 ಫೆಬ್ರವರಿ 2025, ಮಂಗಳವಾರ

ಹೊಸ ಮನೆಯ ಪ್ಲಾನ್ ಮತ್ತೆ ಅಳಿಸಿದೆ. ರಬ್ಬರ್ ಸವೆದೇ ಹೋಯಿತು. ಹುತ್ತ ನೋಡಿ ಹೊಳೆದದ್ದು — ತಂಪು ಕೆಳಗಿಂದ ಬರಬೇಕು, ಬಿಸಿಗಾಳಿ ಮೇಲಿಂದ ಹೋಗಬೇಕು. ಸಿಮೆಂಟ್ ಆದಷ್ಟು ಕಡಿಮೆ. ಇಟ್ಟಿಗೆ ನಮ್ಮ ಹೊಲದ ಮಣ್ಣಿನದೇ.

ಇವರು ಹುಣಸೂರಿಂದ ಬಂದು ನೋಡಿ, "ಇದೇನ್ ಮನೆನೋ, ಗೆದ್ಲುಗೂಡೋ?" ಅಂದರು. ಬೈದೆ. ನಕ್ಕರು. ಈ ಮನುಷ್ಯ ನಕ್ಕು ಎಷ್ಟು ದಿನವಾಗಿತ್ತು!

ಕೂಸು ಹೋದಮೇಲೆ ಹಳೇ ಮನೆಯಲ್ಲಿ ನನಗೆ ನಿದ್ದೆಯಿಲ್ಲ. ಏಳು ವರ್ಷ. ಅದಕ್ಕೇ ಈ ಮನೆ.

ಹುಟ್ಟಿ ತಿಂಗಳು ತುಂಬಿರಲಿಲ್ಲ ಅದಕ್ಕೆ. ನಾನು ಮೈಸೂರಿನ ಆಸ್ಪತ್ರೆಯಲ್ಲಿ ಜ್ವರದಲ್ಲಿ ಬಿದ್ದಿದ್ದೆ, ಇವರು ನನ್ನ ಪಕ್ಕ. ಮಾವ ಒಬ್ಬರೇ ಊರಿಗೆ ತಂದು ಮಣ್ಣು ಮಾಡಿದರು. ಎಲ್ಲಿ ಅಂತ ಹೇಳಲೇ ಇಲ್ಲ. ತಾಯಿಗೆ ತೋರಿಸಬಾರದಂತೆ. ಈಗ ಅವರೂ ಇಲ್ಲ. ಅತ್ತೆಯನ್ನು ಕೇಳಿದರೆ ಒಂದೇ ಮಾತು: "ಮರ್ತ್‌ಬುಡು ಕಣವ್ವ."

ಮರೆಯುವುದಂತೆ!

9 ಫೆಬ್ರವರಿ, ಭಾನುವಾರ

ಮಣ್ಣು ಸಿಕ್ಕಿತು! ಹೊಗೆಸೊಪ್ಪು ಬೆಳೆದ ಕಡೆಯೆಲ್ಲ ಬರೀ ಗೊಬ್ಬರ, ಔಷಧಿ. ಬೇವಿನ ಮರದಾಚೆ ಒಂದು ಮೂಲೆ — ಮಾವ ಅಲ್ಲಿಗೆ ಟ್ರ್ಯಾಕ್ಟರ್ ಬಿಡುತ್ತಿರಲಿಲ್ಲ. ಮುಳ್ಳುಗಿಡ, ನಾಲ್ಕಾರು ಕಲ್ಲು. ಗೊಬ್ಬರವೇ ಕಾಣದ ಮಣ್ಣು.

ಮೇಸ್ತ್ರಿ ಜವರಯ್ಯ ನಿಂತು ನೋಡಿದ. "ಯಾಕವ್ವ ಇದೊಂದ್ನ ಉಳ್ದೆ ಬುಟ್ಟವ್ರೆ?"

"ಕಲ್ಲು ಜಾಸ್ತಿ ಅಂತ ಇರ್ಬೇಕು, ಅಗೀರಿ" ಅಂದೆ.

ಅತ್ತೆ ಕಂಪಲಾಪುರದಲ್ಲಿ, ನಾದಿನಿಯ ಬಾಣಂತನಕ್ಕೆ. ಇದ್ದಿದ್ದರೆ ನೂರು ಕೊಂಕು ತೆಗೆಯುತ್ತಿದ್ದರು. ಸದ್ಯ.

16 ಫೆಬ್ರವರಿ

ಇಟ್ಟಿಗೆ ಒತ್ತುವ ಮಿಷನ್ ಬಂತು. ಮಣ್ಣು ನಾನೇ ಜರಡಿ ಹಿಡಿದೆ. ಕರೀ ಗಾಜಿನ ಚೂರೊಂದು ಸಿಕ್ಕಿತು. ಥೂ, ಎಲ್ಲಿ ನೋಡಿದರೂ ಕಸ. ಬೇಲಿಯಾಚೆ ಎಸೆದೆ.

16 ಮಾರ್ಚ್

ಮಲಗುವ ಕೋಣೆಯ ಗೋಡೆ ಎದ್ದಿದೆ. ಚೆಂದ. ಆದರೆ ಒಳಗೆ ನಿಂತರೆ ಎದೆ ಬಿಗಿಯುತ್ತದೆ. ಹಾಲು ಕಟ್ಟಿದಾಗಿನ ನೋವು, ಅದೇ. ಏಳು ವರ್ಷದ ಮೇಲೆ! ಹೊರಗೆ ಬಂದರೆ ಇಲ್ಲ. ಯಾರಿಗೆ ಹೇಳಲಿ... ಸುಸ್ತಿರಬೇಕು.

29 ಮಾರ್ಚ್, ಶನಿವಾರ

ನಾಳೆ ಯುಗಾದಿ. ಅತ್ತೆ ಬಂದರು. ಮನೆ ತೋರಿಸೋಣ ಅಂತ ಹೊಲಕ್ಕೆ ಕರೆದುಕೊಂಡು ಹೋದೆ. ಬೇವಿನ ಮರದಾಚೆ ಮಣ್ಣು ತೆಗೆದ ಗುಂಡಿ ಕಂಡದ್ದೇ ನನ್ನ ಕೈ ಹಿಡಿದು ನಿಲ್ಲಿಸಿದರು.

"ಈ ಮಣ್ಣ ಎಲ್ಲಿಗಾಕ್ದೆ ಸುಧಾ?"

"ಗೋಡೆಗೆ."

"ಯಾವ್ ಗ್ವಾಡೆಗೆ?"

"ಎಲ್ಲಾದಕ್ಕೂ. ಯಾಕತ್ತೆ?"

"ಅಯ್ಯೋ ನಮ್ಮವ್ವ... ನಿಮ್ಮಾವ ಕೂಸ್ನ ಮಡಗಿದ್ದು ಅಲ್ಲೇ ಕಣವ್ವ. ಕೈಯಾಗೆ ಕರೀ ಗಾಜಿನ ಬಳೆ ಇತ್ತಂತೆ. ಬಿಚ್ಚಕ್ಕೆ ಮನ್ಸ್ ಬರ್ನಿಲ್ಲ ಅಂದಿದ್ರು."

ಆ ಬಳೆ ತೊಡಿಸಿದ್ದು ನಾನು. ಎಸೆದದ್ದೂ ನಾನೇ.

2 ಏಪ್ರಿಲ್

ಹಬ್ಬ ಮಾಡಲಿಲ್ಲ. ಮೂರು ದಿನದಿಂದ ಬೇಲಿಯಾಚೆ ಹುಡುಕುತ್ತಿದ್ದೇನೆ. ಕೈಯೆಲ್ಲ ಮುಳ್ಳು. ಆ ಚೂರು ಸಿಗಲಿಲ್ಲ.

ಇವರು ಕಣ್ಣು ಒರೆಸಿಕೊಂಡು, "ಕೆಡವಿಸ್‌ಬುಡನ ಕಣೆ" ಅಂದರು. ಅತ್ತೆಯೂ ಅದೇ: "ಮಣ್ಣ ಮಣ್ಗೇ ಸೇರಿಸ್‌ಬುಡಿ."

ಸೇರಿಸಿ? ಮತ್ತೆ ಎಲ್ಲೋ ಹಾಕಿ ಬಂದು, ನನಗೆ ಮರೆತುಬಿಡು ಅನ್ನುವುದಕ್ಕಾ? ಒಂದು ಇಟ್ಟಿಗೆ ಮುಟ್ಟಿದರೂ ಸುಮ್ಮನಿರಲ್ಲ ಅಂದೆ. ಕೂಗಿಯೇ ಹೇಳಿದೆ. ಜವರಯ್ಯ ತಲೆ ತಗ್ಗಿಸಿಕೊಂಡು ಹೊರಟುಹೋದ.

4 ಏಪ್ರಿಲ್, ಸಂಜೆ

ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಸೂರಿಲ್ಲ, ಬಾಗಿಲಿಲ್ಲ. ಇಲ್ಲಿ ಇಟ್ಟಿಗೆಯ ಮೇಲೆ ಗಿಲಾವು ಬೇಡ ಅಂದಿದ್ದೇನೆ. ಎಡಗೈ ಗೋಡೆಯ ಮೇಲಿದೆ. ಬಿಸಿಲಿನ ಕಾವು ಇನ್ನೂ ಆರಿಲ್ಲ.

ಹೆಸರಿಡುವ ಮೊದಲೇ ಹೋಗಿತ್ತು. ನನ್ನ ಮನಸ್ಸಿನಲ್ಲಿ ಒಂದು ಹೆಸರಿತ್ತು, ಇವರಿಗೂ ಹೇಳಿರಲಿಲ್ಲ. ಗೋಡೆಗೆ ಬಾಯಿಟ್ಟು ಕರೆದೆ. ಮೆಲ್ಲಗೆ.

ರವಿಕೆ ಒದ್ದೆಯಾಗಿದೆ.

ಅತ್ತೆ ಹೊರಗಿಂದ ಕೂಗುತ್ತಿದ್ದಾರೆ — ದೀಪ ಹಚ್ಚೋ ಹೊತ್ತು, ಎದ್ದು ಬಾರವ್ವ ಅಂತ. ತಡೀರಿ ಅತ್ತೆ, ಕೂಸು ಇನ್ನೂ ಹಾಲು ಕುಡೀತಿದೆ.