ಎರಡು ಸಲ ಇಳಿಸಿದ ಗಾಳಿ

ಹಲ್ಲಿನ ಲ್ಯಾಬು, ಮೇಲಿನ ಮಹಡಿ
ಸೋಮವಾರ, ಜನವರಿ ೧೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹಡಗಿನ ಅಡುಗೆಮನೆಯಲ್ಲಿ ಆ ದೊಡ್ಡ ಪಾತ್ರೆಗಳನ್ನು ಒಬ್ಬನೇ ಎತ್ತಬೇಡ ಎಂದು ಹೇಳಿ ಹೇಳಿ ನನ್ನ ಬಾಯಿಗೆ ನೋವು ಬಂದಿದೆಯೇ ಹೊರತು ನಿನ್ನ ಸೊಂಟಕ್ಕೇನೂ ಉಪಯೋಗವಾದಂತಿಲ್ಲ. ಕಳೆದ ಸಲ ಕಳಿಸಿದ ಫೋಟೋದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಹಡಗಿನವರಿಗೆಲ್ಲ ಬಡಿಸಿ ಮುಗಿಸುವ ಹೊತ್ತಿಗೆ ನಿನಗೆ ತಳದ್ದೇ ಗತಿಯೇನೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ಬೈಗುಳ ಮುಗಿಯಿತು, ಇನ್ನು ಸಮಾಚಾರ.

ಫೋನಿರುವಾಗ ಇವಳೇಕೆ ಕಾಗದ ಬರೆಯಲು ಕೂತಳು ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ನೀನು ಫೋನ್ ಮಾಡುವ ಭಾನುವಾರ ಅಪ್ಪ ಬೆಳಗಿನಿಂದಲೇ ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಸ್ಪೀಕರ್ ಹಾಕಿ ಮೇಜಿನ ಮಧ್ಯೆ ಇಟ್ಟ ಮೇಲೆ ನನ್ನ ಪಾಲಿಗೆ ಉಳಿಯುವುದು "ಚೆನ್ನಾಗಿದ್ದೀನಿ, ನೀನು?" ಅನ್ನುವುದಷ್ಟೇ. ಮೆಸೇಜು ಹಾಕಿದರೆ ನೀನು ಒಂದು ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತೀಯ. ಹಾಗಾಗಿ ಊಟದ ಬಿಡುವಿನಲ್ಲಿ ಇಲ್ಲಿ ಕೂತಿದ್ದೇನೆ. ಪಕ್ಕದ ಬಿಸಿನೀರಿನ ಪಾತ್ರೆಯಲ್ಲಿ ಯಾರೋ ಅಜ್ಜಿಯ ಕೆಳಸಾಲಿನ ಹಲ್ಲಿನ ಸೆಟ್ಟು ಗಟ್ಟಿಯಾಗುತ್ತಿದೆ, ಅದು ಆಗುವವರೆಗೆ ನನ್ನ ಕೈ ಖಾಲಿ. ಕಾಗದದ ಮಡಿಕೆಯಲ್ಲಿ ಪ್ಲಾಸ್ಟರ್ ಪುಡಿ ಸಿಕ್ಕರೆ ಕೊಡವಿಕೊಂಡು ಓದು. ಮಾರ್ಚಿನಲ್ಲಿ ನಿನ್ನ ಹಡಗು ಬಂದಾಗ ಅಪ್ಪ ಒಬ್ಬರೇ ಜೀಪು ಓಡಿಸಿಕೊಂಡು ಘಟ್ಟ ದಾಟಿ ಬಂದರಿಗೆ ಬರುವುದು, ನಿನ್ನನ್ನು ಕರೆತರುವುದು ಎಂದು ನೀವಿಬ್ಬರೂ ಮಾತಾಡಿಕೊಂಡಿದ್ದೀರಲ್ಲ, ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದು. ನಿನ್ನ ಪೆಟ್ಟಿಗೆಗಳಿಗೆ ಜಾಗ ಬೇಕೆಂದು ಹಿಂದಿನ ಸೀಟು ಬಿಚ್ಚಿ ಈಗಾಗಲೇ ನನ್ನ ಮಂಚದ ಕೆಳಗೆ ಇಟ್ಟಿದ್ದಾರೆ. ರಾತ್ರಿ ಚಪ್ಪಲಿ ಹುಡುಕಿದರೆ ಸೀಟು ಸಿಗುತ್ತದೆ.

ನಿನ್ನೆ ನಿನ್ನ ಫೋನಿಗೆ ನಾವು ಸಿಗದಿದ್ದದ್ದು ಗುಡ್ಡದಲ್ಲಿದ್ದುದರಿಂದ. ಪ್ರತಿ ಚಳಿಗಾಲದಂತೆ ಅಪ್ಪನ ಪಟಾಲಂ ಶನಿವಾರ ಬೆಳಿಗ್ಗೆ ಹಿಮದ ಕಾಡುದಾರಿಗೆ ಹೊರಟಿತು. ಪಟಾಲಂ ಎಂದರೆ ಈಗ ಮೂರೇ ಗಾಡಿ. ಮುಂದೆ ಅಪ್ಪನ ಜೀಪು, ಮಧ್ಯೆ ಪ್ಲಂಬರ್ ಮಾಮ, ಕೊನೆಯಲ್ಲಿ ದನದ ಡಾಕ್ಟರು. ಮಿಕ್ಕವರಿಗೆ ಮಂಡಿನೋವು, ಮೊಮ್ಮಕ್ಕಳು, ಇಲ್ಲವೇ ಹೆಂಡತಿಯ ಕಣ್ಣಿನ ಆಪರೇಷನ್ನು. ಅಪ್ಪ ಡ್ರೈವಿಂಗ್ ಸ್ಕೂಲು ಮುಚ್ಚಿ ಎಷ್ಟೋ ಕಾಲವಾದರೂ ಈ ಇಬ್ಬರು ಇವತ್ತಿಗೂ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ನಾನು ಹೋಗಬೇಕೆಂದಿರಲಿಲ್ಲ. ವಾರವಿಡೀ ನಿಂತು ಕೆಲಸ ಮಾಡಿ ಶನಿವಾರ ಒಂದು ದಿನ ಹಾಸಿಗೆಯಲ್ಲಿ ಬಿದ್ದುಕೊಳ್ಳೋಣ ಎಂದಿದ್ದೆ. ಆದರೆ ಅವರನ್ನು ಒಬ್ಬರೇ ಕಳಿಸಲು ಧೈರ್ಯ ಬರಲಿಲ್ಲ. "ನೀನ್ಯಾಕೆ ಚಳೀಲಿ ಸಾಯ್ತೀಯ ಪುಟ್ಟಿ, ಮನೇಲಿರು" ಎಂದರು. ಗಾಳಿ ಬದಲಾವಣೆ ಬೇಕು ಎಂದು ಸುಳ್ಳು ಹೇಳಿ ಹತ್ತಿ ಕೂತೆ.

ನಿನಗೆ ನೆನಪಿರಬಹುದು, ಟಾರು ಮುಗಿದು ಹಿಮ ಶುರುವಾಗುವ ಕಡೆ ಎಲ್ಲರೂ ಇಳಿದು ಟೈರಿನ ಗಾಳಿ ಇಳಿಸುತ್ತಾರೆ. ಟೈರು ಸ್ವಲ್ಪ ಮೆತ್ತಗಾಗಿ ಅಗಲವಾದರೆ ಹಿಮದಲ್ಲಿ ಹೂತುಹೋಗದೆ ಹಿಡಿದುಕೊಂಡು ಹೋಗುತ್ತದೆ. ಎಷ್ಟು ಇಳಿಸಬೇಕೆನ್ನುವುದು ಈ ಮುದುಕರಲ್ಲಿ ದೊಡ್ಡ ಯುದ್ಧದ ವಿಷಯ. ಹಿಂದೊಮ್ಮೆ ಇದಕ್ಕೇ ಪ್ಲಂಬರ್ ಮಾಮನೂ ಡಾಕ್ಟರೂ ಜಗಳವಾಡಿ, ಮಾತು ಬಿಟ್ಟು, ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋಗಿದ್ದರು. ಆಮೇಲೆ ಅಪ್ಪನೇ ಒಂದು ಕಟ್ಟಳೆ ಮಾಡಿದರು: ಅವರವರ ಗಾಳಿ ಅವರವರದು, ಇನ್ನೊಬ್ಬರ ಟೈರಿನ ವಿಷಯದಲ್ಲಿ ಯಾರೂ ಬಾಯಿ ಹಾಕಬಾರದು. ಅದನ್ನು ಇವರು ಕೋರ್ಟಿನ ಆದೇಶದ ಹಾಗೆ ಪಾಲಿಸಿಕೊಂಡು ಬಂದಿದ್ದಾರೆ.

ಶನಿವಾರವೂ ಅಪ್ಪ ನಾಲ್ಕು ಚಕ್ರಕ್ಕೂ ಕುಕ್ಕರುಗಾಲಲ್ಲಿ ಕೂತು, ಗಾಳಿ ಅಳೆಯುವ ಗೇಜು ಹಿಡಿದು, ಕನ್ನಡಕ ಹಣೆಗೇರಿಸಿ, ಕರಾರುವಾಕ್ಕಾಗಿ ಇಳಿಸಿದರು. ಅಲ್ಲಿಂದ ಮುಂದೆ ಅವರು ಓಡಿಸಿದ್ದನ್ನು ನೀನು ನೋಡಬೇಕಿತ್ತು. ಹೆಪ್ಪುಗಟ್ಟಿದ ಹಳ್ಳವನ್ನು ಒಂದಿಷ್ಟೂ ಜಾರದೆ ದಾಟಿಸಿದರು. ಹಿಮದ ಬಣ್ಣ ನೋಡಿಯೇ ಕೆಳಗೆ ಕಲ್ಲಿದೆಯೋ ಕೆಸರಿದೆಯೋ ಹೇಳುತ್ತಿದ್ದರು, ಒಂದೂ ತಪ್ಪಲಿಲ್ಲ. ನಾನೇ ಸುಮ್ಮನೆ ಇಲ್ಲದ್ದನ್ನೆಲ್ಲ ತಲೆಗೆ ತುಂಬಿಕೊಂಡಿದ್ದೇನೆ ಎಂದು ಒಂದು ಗಳಿಗೆ ಹಗುರವಾಯಿತು. ಮರದ ದಿಮ್ಮಿಗಳನ್ನು ಒಟ್ಟಿದ್ದ ಕಡೆ ಗಾಡಿ ನಿಲ್ಲಿಸಿ ಎಲ್ಲರೂ ಟೀ ಕುಡಿದೆವು. ಡಾಕ್ಟರು ಯಾವುದೋ ಹಠಮಾರಿ ಎತ್ತಿನ ಕಥೆ ಹೇಳುತ್ತಿದ್ದರು. ಟೀ ಮುಗಿಸಿ ಅಪ್ಪ ಎದ್ದುಹೋದರು. ನಾನು ಜೀಪಿನೊಳಗೆ ಕೂತು ಲೋಟದ ಬಿಸಿಗೆ ಕೈ ಕಾಯಿಸಿಕೊಳ್ಳುತ್ತಿದ್ದೆ. ಚಕ್ರದ ಹತ್ತಿರ ಬುಸ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಿಂದ ಬುಸ್. ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ ಅಣ್ಣಾ. ಅಷ್ಟು ದಣಿದಿದ್ದೆ. ಪ್ಲಂಬರ್ ಮಾಮ ಲೋಟ ಹಿಡಿದು ನಿಂತು ನೋಡುತ್ತಿದ್ದರಂತೆ, ಡಾಕ್ಟರೂ ನೋಡಿದರಂತೆ. ಕಟ್ಟಳೆ ಇದೆಯಲ್ಲ, ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಬರುವುದು ಆ ಓರೆ ದಾರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರು. ತಿರುವಿನಲ್ಲಿ ಅಪ್ಪ ಸ್ಟೇರಿಂಗ್ ತಿರುಗಿಸಿದರು, ಗಾಡಿ ತಿರುಗಲಿಲ್ಲ. ಗಾಳಿಯೇ ಇಲ್ಲದ ಮುಂದಿನ ಟೈರು ಚಕ್ರದಿಂದ ಕಳಚಿಕೊಂಡಿತ್ತು. ಜೀಪು ನನ್ನ ಕಡೆಗೆ ವಾಲಿ ಕುಸಿಯಿತು. ನನ್ನ ಕಿಟಕಿಯಲ್ಲಿ ನೆಲ ಕಾಣುತ್ತಿರಲಿಲ್ಲ, ಕೆಳಗಿನ ಮರಗಳ ತುದಿ ಕಾಣುತ್ತಿತ್ತು. ಅಪ್ಪ ಒಂದು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಇನ್ನೊಂದು ಕೈಯನ್ನು ನನ್ನ ಎದೆಗೆ ಅಡ್ಡ ಹಿಡಿದಿದ್ದರು, ನಾವು ಚಿಕ್ಕವರಿದ್ದಾಗ ಹಿಡಿಯುತ್ತಿದ್ದ ಹಾಗೆ. ಯಾರಿಗೂ ಏನೂ ಆಗಲಿಲ್ಲ, ಗಾಬರಿಯಾಗಬೇಡ. ಹಿಂದಿದ್ದ ಇಬ್ಬರೂ ಹಗ್ಗ ಕಟ್ಟಿ ಎಳೆದು ನಿಲ್ಲಿಸಿದರು. ಪ್ಲಂಬರ್ ಮಾಮ ಹಿಮದಲ್ಲಿ ಅಂಗಾತ ಮಲಗಿ, ಸೋಪುನೀರು ಹಚ್ಚಿ, ಪಂಪಿನಿಂದ ಗಾಳಿ ತುಂಬಿ, ಟೈರು ಮತ್ತೆ ಕೂರಿಸುವ ಹೊತ್ತಿಗೆ ಅವರ ಮೀಸೆಯೆಲ್ಲ ಬೆಳ್ಳಗಾಗಿತ್ತು. ಡಾಕ್ಟರು ಕಟ್ಟಳೆ ಮುರಿದು ತಮ್ಮ ಗೇಜು ತಂದು ಉಳಿದ ಮೂರು ಚಕ್ರ ನೋಡಿದರು. ಮೂರರಲ್ಲೂ ಹೆಸರಿಗಷ್ಟೇ ಗಾಳಿ. ನನ್ನ ಮುಖ ನೋಡಿದರು. ಅಪ್ಪ ತಮ್ಮ ಗೇಜನ್ನು ತಿರುಗಿಸಿ ತಿರುಗಿಸಿ ನೋಡಿ "ಇದು ಕೆಟ್ಟೋಗಿದೆ ಕಣ್ರೋ" ಎಂದರು. ಪ್ಲಂಬರ್ ಮಾಮ ತಕ್ಷಣ "ಹೌದು ಕ್ಯಾಪ್ಟನ್, ಚಳಿಗೆ ಗೇಜು ಕೈ ಕೊಡುತ್ತೆ" ಎಂದರು.

(ಸೆಟ್ಟು ಆಯಿತು ಎಂದು ಎದ್ದು ಹೋದವಳು ಈಗ ಸಂಜೆ ಬಂದು ಕೂತಿದ್ದೇನೆ. ಅಜ್ಜಿಯ ಹಲ್ಲು ಚೆನ್ನಾಗಿ ಬಂದಿದೆ. ಪಾಪ, ಇನ್ನು ಗಟ್ಟಿ ರೊಟ್ಟಿ ಕಚ್ಚಬಹುದು.)

ಶನಿವಾರ ಸಂಜೆ ಗುಡ್ಡದಲ್ಲಿ ನಾವು ಉಳಿದುಕೊಂಡಿದ್ದ ಕೋಣೆಯಲ್ಲಿ ಹೀಟರಿನ ಮೇಲೆ ಕಾಲುಚೀಲ ಒಣಹಾಕುತ್ತಿದ್ದೆ. ಅಪ್ಪ ಮಂಚದ ತುದಿಯಲ್ಲಿ ಕೂತು, "ಪುಟ್ಟಿ, ಟೀ ಕುಡಿದ್ಮೇಲೆ ನಾನು ಮತ್ತೆ ಗಾಳಿ ಇಳಿಸಿದ್ನಾ?" ಎಂದು ಕೇಳಿದರು. ಆ ದನಿ ನನಗೆ ಗುರುತೇ ಸಿಗಲಿಲ್ಲ, ಪರೀಕ್ಷೆಯಲ್ಲಿ ಫೇಲಾದ ಹುಡುಗನ ದನಿ. ಸುಳ್ಳು ಹೇಳಿಬಿಡೋಣ ಅನ್ನಿಸಿತು. ಆದರೆ ಬಂದರಿನ ಘಟ್ಟ ಕಣ್ಣ ಮುಂದೆ ಬಂತು. ಹತ್ತಿರ ಕೂತು, ಕೈ ಹಿಡಿದು ಹೇಳಿದೆ. ಇಳಿಸಿದ್ರಿ ಅಪ್ಪ, ಬೆಳಿಗ್ಗೆ ಒಂದು ಸಲ ಇಳಿಸಿದ್ರಿ, ಆಮೇಲೆ ಮರೆತು ಇನ್ನೊಂದು ಸಲ ಇಳಿಸಿದ್ರಿ. ಇನ್ನು ದೂರದ ದಾರಿಗೆ ನೀವು ಗಾಡಿ ತೆಗೆಯೋದು ಬೇಡ ಎಂದೂ ಹೇಳಿದೆ. ಅವರು "ಹೂಂ" ಎಂದರು. "ನೀನು ಹೇಳೋದು ಸರಿ" ಎಂದರು. ಕಣ್ಣು ಒರೆಸಿಕೊಂಡರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ದುಃಖಕ್ಕೂ ಅತ್ತೆ, ಅಂತೂ ಹೇಳಿ ಮುಗಿಸಿದೆನಲ್ಲ ಎಂಬ ನೆಮ್ಮದಿಗೂ ಅತ್ತೆ.

ಬೆಳಿಗ್ಗೆ ತಿಂಡಿ ತಿನ್ನುವಾಗ ಅಪ್ಪ ಮೊಟ್ಟೆ ಸುಲಿಯುತ್ತಾ ಉತ್ಸಾಹದಿಂದ ಹೇಳಿದರು: "ಮೊದ್ಲು ಒಂದು ಹೊಸ ಗೇಜು ತಗೋಬೇಕು. ಮಗನ್ನ ಕರ್ಕೊಂಡ್ ಬರೋಕೆ ಬಂದರಿಗೆ ಹೋಗ್ಬೇಕಲ್ಲ." ಪ್ಲಂಬರ್ ಮಾಮ ತಟ್ಟೆ ನೋಡಿದರು. ಡಾಕ್ಟರು ಕಿಟಕಿ ನೋಡಿದರು. ನನ್ನ ಕೈಯಲ್ಲಿದ್ದ ಬ್ರೆಡ್ಡು ಹಾಗೇ ಉಳಿಯಿತು. ನಾನು ಜೀವ ಬಾಯಿಗೆ ತಂದುಕೊಂಡು ಹೇಳಿದ್ದು ಒಂದು ರಾತ್ರಿಯೂ ನಿಲ್ಲಲಿಲ್ಲ.

ಹೊರಡುವ ಮುಂಚೆ ಇಬ್ಬರೂ ನನ್ನನ್ನು ಗಾಡಿಗಳ ಹಿಂದೆ ಕರೆದರು. "ನೋಡಿದೆ ಕಣಮ್ಮ, ಬಾಯಿ ತುದಿಗೆ ಬಂತು. ಅವನು ಮಾಡಿದ ಕಟ್ಟಳೆ, ಅವನಿಗೇ ಹೇಗೆ ಹೇಳೋದು?" ಎಂದರು ಪ್ಲಂಬರ್ ಮಾಮ. ಡಾಕ್ಟರು "ನೀನು ಮಗಳು, ನೀನೇ ಹೇಳ್ಬೇಕು" ಎಂದರು. ಹೇಳಿದ್ದಾಯಿತು ಎಂದೆ. "ಇನ್ನೊಂದ್ಸಲ ಹೇಳು" ಎಂದರು. ಎಷ್ಟು ಸುಲಭ! ಗುಡ್ಡ ಇಳಿಯುವಾಗ ನನ್ನ ಕೈಗೆ ಅಭ್ಯಾಸ ತಪ್ಪಿದೆ ಎಂದು ನೆಪ ಹೇಳಿ ಸ್ಟೇರಿಂಗ್ ನಾನು ತೆಗೆದುಕೊಂಡೆ. ಅವರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಪಾಠ ಮಾಡಿದರು, ಕ್ಲಚ್ ಮೇಲಿಂದ ಕಾಲು ತೆಗಿ, ಈಗ ಎರಡನೇ ಗೇರು, ಬ್ರೇಕ್ ತುಳೀಬೇಡ, ಇಂಜಿನ್ನೇ ಹಿಡಿಯುತ್ತೆ. ಒಂದು ಮಾತೂ ತಪ್ಪಿಲ್ಲ. ಈ ಮನುಷ್ಯನಿಗೆ ಓಡಿಸಲು ಬರುವುದಿಲ್ಲ ಎಂದು ಯಾರು ಹೇಳುತ್ತಾರೆ? ಓಡಿಸಲು ಬರುತ್ತದೆ. ಈಗಷ್ಟೇ ಏನು ಮಾಡಿದೆ ಎನ್ನುವುದು ಮಾತ್ರ ಕೈಗೆ ಸಿಗುವುದಿಲ್ಲ.

ಮನೆಯಲ್ಲೂ ಹೀಗೇ ನಡೆದಿದೆ. ಒಲೆ ಹಚ್ಚಿ ಮರೆಯುತ್ತಾರೆ, ಬಾಗಿಲು ತೆರೆದಿಟ್ಟು ಹಾಲು ತರಲು ಹೋಗುತ್ತಾರೆ, ಅಮ್ಮ ಎಲ್ಲಿ ಎಂದು ಒಮ್ಮೆ ಕೇಳಿದ್ದೂ ಉಂಟು. ಅಮ್ಮ ತೀರಿಕೊಂಡದ್ದನ್ನು ನಾನೇ ಇನ್ನೊಮ್ಮೆ ಹೇಳಬೇಕಾಯಿತು. ನಿನಗೆ ಇದ್ಯಾವುದೂ ಗೊತ್ತಾಗುವುದಿಲ್ಲ, ಏಕೆಂದರೆ ಭಾನುವಾರ ನಿನ್ನ ದನಿ ಕೇಳಿದರೆ ಅವರು ಹಳೆಯ ಅಪ್ಪನೇ ಆಗುತ್ತಾರೆ. ಇನ್ನೊಂದು ವಿಚಿತ್ರ ನೋಡು, ನೀನು ಹೇಳಿದ್ದು ಮಾತ್ರ ಅವರಿಗೆ ಮರೆಯುವುದಿಲ್ಲ. ಹೋದ ತಿಂಗಳು ನೀನು ಹೇಳಿದ ಕೆಮ್ಮಿನ ಔಷಧಿಯ ಹೆಸರು ಇವತ್ತಿಗೂ ಬಾಯಲ್ಲಿದೆ. ದಿನಾ ಅನ್ನ ಹಾಕುವವಳ ಮಾತು ಒಂದು ರಾತ್ರಿ ನಿಲ್ಲುವುದಿಲ್ಲ, ಸಮುದ್ರದಲ್ಲಿರುವವನ ಮಾತು ಕಲ್ಲಿನಲ್ಲಿ ಕೆತ್ತಿದಂತೆ ಕೂರುತ್ತದೆ. ಕೋಪ ಬರುತ್ತದೆ ಅಣ್ಣಾ. ಅವರ ಮೇಲಲ್ಲ, ನಿನ್ನ ಮೇಲೆ. ನಿನ್ನದೇನೂ ತಪ್ಪಿಲ್ಲ ಎಂದು ಗೊತ್ತಿದ್ದೂ ಬರುತ್ತದೆ. ಬರೆದುಬಿಟ್ಟೆ, ಹೊಟ್ಟೆಗೆ ಹಾಕಿಕೋ.

ಅತ್ತಿಗೆಗೆ ಬೇರೆ ಬರೆಯುತ್ತೇನೆ, ಮಗುವಿನ ಅಳತೆ ಕಳಿಸಲು ಹೇಳು, ಸ್ವೆಟರಿನ ತೋಳು ಎಲ್ಲಿಗೆ ನಿಲ್ಲಿಸಬೇಕೋ ತಿಳಿಯುತ್ತಿಲ್ಲ. ನಿನ್ನ ಜೊತೆಯ ಆ ಗೊರಕೆ ಗೆಳೆಯನಿಗೆ ನನ್ನ ನಮಸ್ಕಾರ. ನಿನ್ನ ಆರೋಗ್ಯ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಸಮುದ್ರ ನಿನ್ನನ್ನು ತಣ್ಣಗಿಟ್ಟಿರಲಿ, ಕ್ಷೇಮವಾಗಿ ದಡ ಸೇರು.

ನಿನ್ನ ಬೈಗುಳದ ತಂಗಿ,
ಪುಟ್ಟಿ

ಮರೆಯುವ ಮುಂಚೆ: ಅಪ್ಪ ಕೆಳಗೆ ಜೀಪು ತಂದು ಹಾರ್ನ್ ಹೊಡೆಯುತ್ತಿದ್ದಾರೆ. ಬರಬೇಡಿ ಎಂದು ಬೆಳಿಗ್ಗೆಯೇ ಹೇಳಿ ಬಂದಿದ್ದೆ. ಕಿಟಕಿಯಿಂದ ಬಗ್ಗಿದರೆ ಕೈಯಲ್ಲಿ ಕಾಗದ ನೋಡಿ ಯಾರಿಗೆ ಎಂದು ಕೇಳಿದರು, ನಿನಗೆ ಎಂದೆ. "ನಾನೇ ಬರ್ತೀನಿ, ಬಸ್ಸುಗಿಸ್ಸು ಹತ್ತಬೇಡ ಅಂತ ಬರಿ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಬರೆದಿದ್ದೇನೆ, ಅವರ ಮಾತು ನಿನಗೆ ತಲುಪಿತು. ಇನ್ನು ನನ್ನದು. ಇದು ಕೈಸೇರಿದ ಮೇಲೆ ಬರುವ ಭಾನುವಾರವೇ ಫೋನ್ ಮಾಡಿ, ಬರಬೇಡಿ ಎಂದು ನೀನು ಹೇಳು. ಹಡಗು ತಡವಾಗುತ್ತದೆ ಗಿಡವಾಗುತ್ತದೆ ಎಂದು ನೆಪ ತೆಗೆಯಬೇಡ, ಅವರು ಹೋಗಿ ಬಂದರಿನಲ್ಲೇ ಕಾಯುತ್ತಾರೆ. ಇನ್ನು ಗಾಡಿ ಓಡಿಸಬೇಡಿ ಅಪ್ಪಾ ಎಂದೇ ಹೇಳು. ಆ ಕಡೆ ಅವರು ಸುಮ್ಮನಾಗುತ್ತಾರೆ, ನಿನಗೆ ಫೋನ್ ಇಟ್ಟುಬಿಡೋಣ ಅನ್ನಿಸುತ್ತದೆ. ಇಡಬೇಡ. ಒಲೆ ಬೇಡ, ಬಾಗಿಲು ತೆರೆದಿಡುವುದು ಬೇಡ, ಒಬ್ಬರೇ ಹೋಗುವುದು ಬೇಡ ಎಂದು ದಿನಾ ಹೇಳಿ ಹೇಳಿ ನಾನು ಬತ್ತಿಹೋಗಿದ್ದೇನೆ. ಈ ಒಂದು ಬೇಡ ನೀನು ಹೇಳಿಬಿಡು ಅಣ್ಣಾ.