ನನ್ನ ಟ್ಯೂನು, ಅವನ ಹೆಸರು

ಜೂನ್ 3, ಬೆಳಿಗ್ಗೆ 7.30
ಎರಡು ಮಗ್ಗ ಓಡುತ್ತಿವೆ. ಮೂರನೆಯದರಲ್ಲಿ ಎಳೆ ತುಂಡಾಗುತ್ತಲೇ ಇದೆ. ಇಯರ್‌ಫೋನ್ ಸಿಕ್ಕಿಸಿಕೊಂಡು ಯೋಗಾನಂದನ ಹೊಸ ಆಲ್ಬಮ್ ಕೇಳಿದೆ. ಕಾಲೇಜಿನಲ್ಲಿ ಇಬ್ಬರೂ ಒಂದೇ ಬ್ಯಾಂಡ್, ಇಬ್ಬರದೂ ಗಿಟಾರ್. ಅಪ್ಪ ತೀರಿಕೊಂಡ ಮೇಲೆ ನಾನು ಮಗ್ಗ ಹಿಡಿದೆ, ಅವನು ಬ್ಯಾಂಡ್ ಬಿಡಲಿಲ್ಲ. ಆಲ್ಬಮ್ ಪೂರ್ತಿ ಬ್ಲೂಸ್ ರಾಕ್, ಆರು ಹಾಡು. ಎಂಥ ಗಿಟಾರ್! ತಂತಿ ಎಳೆದು ಹಿಡಿದರೆ ಯಾರೋ ಗಂಟಲು ಬಿಗಿದು ಜಗಳವಾಡಿದ ಹಾಗೆ. ಖುಷಿಯಾಯಿತು... ಮೂರು ಹಾಡಿನವರೆಗೆ.

ನಾಲ್ಕನೆಯದು ನನ್ನದು. ನಾನು ಕಟ್ಟಿದ ಟ್ಯೂನು. ರಚನೆ ಅಂತ ಹಾಕಿರುವ ಹೆಸರು ಮಾತ್ರ ಯೋಗಾನಂದ. ಬರೀ ಯೋಗಾನಂದ.

ಜೂನ್ 4
ಮತ್ತೆ ಕೇಳಿದೆ. ಹನ್ನೊಂದು ಸಲ. ಹಾಳಾದವನು, ಚೆನ್ನಾಗಿ ಬಾರಿಸಿದ್ದಾನೆ. ಅದಕ್ಕೇ ಇನ್ನೂ ಉರಿ. ಸ್ಪೀಕರ್‌ನಲ್ಲಿ ಹಾಕಿದರೆ ಅಮ್ಮ ಅಡುಗೆಮನೆಯಿಂದಲೇ, "ನೀನು ಮಹಡಿ ಮೇಲೆ ಬಾರಿಸ್ತಿದ್ದೆಯಲ್ಲೇ, ಅದೇ ಅಲ್ವಾ ಇದು?" ಎಂದಳು.

ಅವನಿಗೆ ಫೋನ್ ಮಾಡಿದೆ.

"ಬ್ಲೂಸಲ್ಲಿ ನಿಂದು ನಂದು ಅಂತೆಲ್ಲಾ ಇರಲ್ಲ ಕಣೇ ರಂಜಿತ."

"ಹಂಗಾದ್ರೆ ನಿನ್ನ ಹೆಸರು ಯಾಕೋ ಹಾಕ್ಕೊಂಡೆ?"

ಕಟ್ ಮಾಡಿದ.

ಜೂನ್ 8, ಮಧ್ಯಾಹ್ನ
ದೇವನಹಳ್ಳಿಗೆ ಬಸ್ಸು ಹತ್ತಿ ಅವನ ಬ್ಯಾಂಡಿನ ಪ್ರಾಕ್ಟೀಸ್ ರೂಮಿಗೇ ಹೋದೆ. ಯೋಗಾನಂದ ನಕ್ಕ. "ನಿಂದೇ ಅನ್ನೋಕೆ ಏನೇ ಪ್ರೂಫು?"

ಅವನ ಕೈಯಿಂದ ಗಿಟಾರ್ ಕಿತ್ತುಕೊಂಡೆ. ಆಲ್ಬಮ್‌ನಲ್ಲಿ ಟ್ಯೂನು ಅರ್ಧಕ್ಕೇ ನಿಲ್ಲುತ್ತದೆ. ಅವನು ನನ್ನಿಂದ ಕೇಳಿದ್ದು ಅಷ್ಟೇ. ಉಳಿದರ್ಧ ಬಾರಿಸಿದೆ. ಐದು ವರ್ಷ ತಂತಿ ಮುಟ್ಟಿರಲಿಲ್ಲ, ಬೆರಳ ತುದಿ ಸುಲಿಯಿತು. ಬಿಡಲಿಲ್ಲ.

ಡ್ರಮ್ಸ್ ಬಾರಿಸುವ ಭೀಮರಾಜ್ ಕಡ್ಡಿ ಕೆಳಗಿಟ್ಟ. "ಗುರು, ಇವ್ರ ಹೆಸರು ಹಾಕೋವರ್ಗೂ ಈ ಹಾಡಿಗೆ ನಾನು ಬಾರ್ಸಲ್ಲ."

ಯೋಗಾನಂದ ನೆಲ ನೋಡುತ್ತ, "ಆಯ್ತು, ಹಾಕ್ತೀನಿ" ಎಂದ. ಪಾಪ ಅನ್ನಿಸಲಿಲ್ಲ.

ಜೂನ್ 15, ಸಂಜೆ
ಆಲ್ಬಮ್‌ನಲ್ಲಿ ನನ್ನ ಹೆಸರು ಬಂದಿದೆ! ಅಮ್ಮನಿಗೆ ಮೊಬೈಲ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದಳು. "ರಚನೆ, ಯೋಗಾನಂದ ಮತ್ತು ರಂಜಿತ." ಕನ್ನಡಕ ತೆಗೆದು, "ಅವನ್ಯಾಕೆ ಮುಂದಿದ್ದಾನೆ?"

ಹೌದು. ಯಾಕಿದ್ದಾನೆ? ಒಂದು ಸ್ವರವನ್ನಾದರೂ ಕಟ್ಟಿದ್ದಾನೆಯೇ? ಅವನಿಗೆ ಫೋನ್ ಹಚ್ಚಿ, ಮೊಬೈಲ್ ಪಕ್ಕದಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ... ಎತ್ತಿದ. ಲೋ ಯೋಗಾನಂದ, ಮೊದಲು ಆ ನಿನ್ನ ಹೆಸರು ತೆಗಿ—