ಗುಂಡಿಯ ತಳದ ಕಲ್ಲು

ಬುಧವಾರ, ಹನ್ನೊಂದನೇ ತಾರೀಖು
ಇಸ್ತ್ರಿ ಕೋಣೆಯಿಂದ

ದೂರದ ಊರಿನಲ್ಲಿ ಸ್ಟೇರಿಂಗ್ ಹಿಡಿದಿರುವ ನನ್ನ ಮಗಳಿಗೆ, ಇಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದಿರುವ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ, ಮನೆಯವರಲ್ಲೊಬ್ಬರ ಹಾಗೆ ಇದೆ. ಈ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವುದರೊಳಗೆ ನೀನು "ಸರಿ ಬಿಡಮ್ಮ" ಅನ್ನುತ್ತೀಯ. ಎರಡನೇ ಮಾತು ನನ್ನ ಗಂಟಲಲ್ಲೇ ಉಳಿಯುತ್ತದೆ. ಕಾಗದಕ್ಕೆ ಹಾಗೆ ಅನ್ನಲು ಆಗುವುದಿಲ್ಲವಲ್ಲ.

ವ್ಯಾನು ನಿನ್ನ ಹೆಸರಿನಲ್ಲಿರುವುದರಿಂದ ಈ ವಾರದೊಳಗೆ ನಗರಸಭೆಯಿಂದ ಅಲ್ಲಿಯ ನಿನ್ನ ವಿಳಾಸಕ್ಕೆ ಒಂದು ಆದೇಶ ಬರುತ್ತದೆ. ಗುಂಡಿಗೆ ಬಿದ್ದ ವ್ಯಾನಿನ ನಷ್ಟಕ್ಕೆ ಪರಿಹಾರ ಕೊಡುತ್ತಾರೆ, ಆದರೆ ಅರ್ಧ ಮಾತ್ರ. ಯಾಕೆ ಅರ್ಧ ಅನ್ನುವುದಕ್ಕೆ ಕೆಳಗೆ ಒಂದು ಸಾಲು ಕಾರಣ ಬರೆದಿರುತ್ತಾರೆ. ಆ ಸಾಲು ನಿನ್ನ ಕಣ್ಣಿಗೆ ಬೀಳುವ ಮುಂಚೆ ನನ್ನ ಕಾಗದ ಸೇರಲಿ ಅಂತ, ಆಸ್ಪತ್ರೆಯ ಹೊದಿಕೆಗಳನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಬರೆಯಲು ಕೂತಿದ್ದೇನೆ.

ನಿನಗೆ ಹೇಳದೆ ಅರ್ಜಿ ಹಾಕಿದೆ ಅಂತ ಬೈಯಬೇಡ. ನೀನು ಹೊರಡುವ ದಿನ, ನಗರಸಭೆಯವರು ಗುಂಡಿಗೆ ದುಡ್ಡು ಕೊಟ್ಟದ್ದನ್ನು ಯಾರಾದರೂ ನೋಡಿದ್ದಾರಾ ಅಂತ ನಕ್ಕು ಬಸ್ಸು ಹತ್ತಿದೆ. ಆ ನಗೆಯ ಹಿಂದೆ ಇನ್ನೊಂದು ಮಾತಿತ್ತು, ಅದನ್ನು ನೀನು ಹಿಂದಿನ ರಾತ್ರಿ ಊಟದ ತಟ್ಟೆಯ ಮುಂದೆ ಆಡಿದ್ದೆ. ನೀರು ನೋಡಿಯೂ ಬ್ರೇಕು ಹಾಕದ ತಾನು ಎಂಥ ಡ್ರೈವರು ಅಂದಿದ್ದೆ. ನೀನು ಅಲ್ಲಿ ಫ್ಯಾಕ್ಟರಿಯ ಬಸ್ಸು ಓಡಿಸಲು ಹೋದದ್ದು ಸಂಬಳಕ್ಕಿಂತ ಹೆಚ್ಚಾಗಿ ಆ ಮಾತಿನಿಂದ ತಪ್ಪಿಸಿಕೊಳ್ಳಲು ಅಂತ ನನಗೆ ಗೊತ್ತು. ನಿನ್ನ ಹುಬ್ಬಿನ ಮೇಲಿನ ಮೂರು ಹೊಲಿಗೆ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ನಮ್ಮ ಪಕ್ಕದ ಮನೆ ಟೈಪಮ್ಮ ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪು ಹೊಡೆದವಳಲ್ಲವೇ, ಅವಳೇ ನನಗೆ ದಾರಿ ತೋರಿಸಿದ್ದು. ಗುಂಡಿ ಇದೆ ಅಂತ ನಗರಸಭೆಗೆ ಮೊದಲೇ ಗೊತ್ತಿದ್ದು ಮುಚ್ಚದೆ ಬಿಟ್ಟಿದ್ದರೆ ಅವರೇ ಕಟ್ಟಿಕೊಡಬೇಕಂತೆ. ಸರಿ, ಇಬ್ಬರೂ ಹೋದೆವು. ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ, ಗೋಡೆಗೆ ಒರಗಿಸಿದ ಕಡತಗಳು ನನ್ನ ಎದೆಯ ಎತ್ತರಕ್ಕಿದ್ದವು. ಅಲ್ಲಿಯ ಗುಮಾಸ್ತ ತಲೆ ಎತ್ತದೆ, ಆಳ ಕಾಣುವ ಫೋಟೋ ಬೇಕು ಅಂದ. ನಾನು ಇಸ್ತ್ರಿ ಮೇಜಿನ ಮರದ ಸ್ಕೇಲು ತೆಗೆದುಕೊಂಡು ಹೋಗಿ ಗುಂಡಿಯಲ್ಲಿ ನಿಲ್ಲಿಸಿದೆ. ಟೈಪಮ್ಮ ಒಂದು ಕೈಯಲ್ಲಿ ಕೊಡೆ ಬೀಸಿ ಲಾರಿಗಳನ್ನು ಗದರಿಸುತ್ತ ಇನ್ನೊಂದು ಕೈಯಲ್ಲಿ ಫೋಟೋ ತೆಗೆದಳು. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಸ್ಕೇಲೋ ಮುಳುಗುವ ದೋಣಿಯೋ ಅಂತ ಕೇಳಿದ. ಆದರೂ ದೂರಿನ ಪುಸ್ತಕ ತೆಗೆದ. ನಮ್ಮ ಅಪಘಾತಕ್ಕೆ ಎರಡು ತಿಂಗಳು ಮುಂಚೆಯೇ ಆಸ್ಪತ್ರೆಯ ನರ್ಸೊಬ್ಬಳು ಅದೇ ಗುಂಡಿಯ ಬಗ್ಗೆ ಬರೆದುಕೊಟ್ಟಿದ್ದಳು. ಟೈಪಮ್ಮ ಅಲ್ಲೇ ನನ್ನ ಪಕ್ಕೆಗೆ ತಿವಿದಳು, ಗೆದ್ದೆವು ಅಂತ.

ಅರ್ಜಿಯಲ್ಲಿ ಘಟನೆಯನ್ನು ಐದು ಸಾಲಿನಲ್ಲಿ ಬರೆಯಿರಿ ಅಂತ ಇತ್ತು. ನಾನು ಬರೆದದ್ದು ಇಷ್ಟು: ಬೆಳಿಗ್ಗೆ ಎಂಟೂಕಾಲಿಗೆ ಮಗಳು ಆಸ್ಪತ್ರೆಯ ಒಗೆದ ಬಟ್ಟೆ ತುಂಬಿಕೊಂಡು ವ್ಯಾನು ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿದ್ದೆ. ತಡವಾಗಿದ್ದರಿಂದ ದೊಡ್ಡ ರಸ್ತೆ ಬಿಟ್ಟು ಸೇತುವೆಯ ಒಳದಾರಿಗೆ ಬಂದೆವು, ಮಗಳಿಗೆ ಆ ದಾರಿ ಹೊಸದು. ತಿರುವಿನಲ್ಲಿ ಮಳೆನೀರು ನಿಂತಿತ್ತು. ಎಡಗಡೆಯ ಮುಂದಿನ ಚಕ್ರ ಅದರಲ್ಲಿ ಇಳಿದು ಆಕ್ಸೆಲ್ ಮುರಿಯಿತು.

ಯಾಕೆ ತಡವಾಯಿತು ಅಂತ ಅವರು ಕೇಳಲಿಲ್ಲ, ನಾನೂ ಬರೆಯಲಿಲ್ಲ. ಅವತ್ತು ನನ್ನ ಪ್ರಾರ್ಥನೆ ಉದ್ದವಾಯಿತು. ನೀನು ಬಾಗಿಲಲ್ಲಿ ವ್ಯಾನು ನಿಲ್ಲಿಸಿಕೊಂಡು ಹಾರ್ನು ಹೊಡೆದು ಹೊಡೆದು ಸಾಕಾಗಿ, ನಿನ್ನ ದೇವರು ಬಂದು ಇಸ್ತ್ರಿ ಮಾಡ್ತಾನಾ ಅಂದೆ. ಅದು ಬಿಡು, ಹಳೇ ಮಾತು.

ಅರ್ಜಿಯ ಹತ್ತೊಂಬತ್ತನೇ ಕಲಮು ಮಾತ್ರ ನನ್ನ ಕೈ ಕಟ್ಟಿಹಾಕಿತು. 'ವಾಹನದಲ್ಲಿದ್ದ ಯಾರಿಗಾದರೂ ಈ ಗುಂಡಿಯ ವಿಷಯ ಮೊದಲೇ ತಿಳಿದಿತ್ತೇ?' ಇಲ್ಲ ಅಂತ ಬರಿ, ಯಾರೂ ನಿನ್ನ ತಲೆ ಬಿಚ್ಚಿ ನೋಡುವುದಿಲ್ಲ ಅಂದಳು ಟೈಪಮ್ಮ. ಬರೆದರೆ ಸುಳ್ಳು, ಬರೆಯದಿದ್ದರೆ ವ್ಯಾನಿಲ್ಲ. ನನಗೆ ಆ ಗುಂಡಿ ಗೊತ್ತಿತ್ತು ಮಗಳೇ. ಸೋಪಿನ ಪುಡಿ ತರಲು ವಾರಕ್ಕೆರಡು ಸಲ ಆ ದಾರಿಯಲ್ಲೇ ನಡೆದುಹೋಗುತ್ತೇನೆ. ಒಂದು ಸಲ ಕೊಡೆಯ ತುದಿ ಇಳಿಸಿ ನೋಡಿದ್ದೆ, ಅರ್ಧ ಕೊಡೆ ಒಳಗೆ ಹೋಗಿತ್ತು. ಅಬ್ಬಾ ಅಂದುಕೊಂಡು ಅದನ್ನು ಬಳಸಿಕೊಂಡು ಮನೆಗೆ ಬಂದೆ. ಆ ನರ್ಸಿನ ಹಾಗೆ ಯಾರಿಗಾದರೂ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಅವತ್ತು ವ್ಯಾನಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದೆ ಅಂತ ನಿನಗೂ ಹೇಳಿದ್ದೆ, ಟೈಪಮ್ಮನಿಗೂ ಹೇಳಿದೆ. ಕಲಮನ್ನು ಖಾಲಿ ಬಿಟ್ಟು ಅರ್ಜಿ ಕೊಟ್ಟೆ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದು.

ಕಳೆದ ಶನಿವಾರ ಬೆಳಿಗ್ಗೆ ನಗರಸಭೆಯಿಂದ ಅಳತೆಯವರೊಬ್ಬರು ಬಂದರು. ಸಣಕಲು ಮನುಷ್ಯ, ಮೊಣಕಾಲವರೆಗೆ ರಬ್ಬರ್ ಬೂಟು, ಜೇಬಿನಲ್ಲಿ ನಾಲ್ಕು ಪೆನ್ನು. ಗುಂಡಿಯ ತುಂಬ ಕೆಸರುನೀರು. ಅವರ ಹತ್ತಿರ ಕಬ್ಬಿಣದ ಸರಳು ಇತ್ತು, ನೀರು ತೆಗೆಯಲು ಏನೂ ಇರಲಿಲ್ಲ. ನಾನು ಮನೆಗೆ ಹೋಗಿ ನಮ್ಮ ಬಕೆಟ್ಟು, ಚೊಂಬು, ಹಳೇ ಟವೆಲುಗಳನ್ನು ತಂದೆ. ಅವರು ಮೊಗೆದರು, ನಾನು ಮಂಡಿಯೂರಿ ಒರೆಸಿದೆ. ಅವರ ಪರಿಹಾರದ ಗುಂಡಿಯನ್ನು ನಾನು ಪಾತ್ರೆ ತೊಳೆದ ಹಾಗೆ ತೊಳೆಯುತ್ತಿದ್ದೇನೆ ಅಂತ ನಗುವೂ ಬಂತು.

ಗುಂಡಿಯ ಒಳಗೋಡೆಯ ಕೆಸರು ಹೋದ ಮೇಲೆ ನನ್ನ ಕೈ ನಿಂತಿತು. ಬೀರುವಿನಲ್ಲಿ ಮಡಿಸಿಟ್ಟ ಹೊದಿಕೆಗಳ ಅಂಚು ಒಂದರ ಮೇಲೊಂದು ಕಾಣುತ್ತದಲ್ಲ, ಹಾಗೆ ರಸ್ತೆ ಕಾಣುತ್ತಿತ್ತು. ಒಂದು ರಸ್ತೆಯಲ್ಲ, ಐದು ರಸ್ತೆ. ಅಳತೆಯವರು ಕರಣೆಯ ಮೊನೆಯಿಂದ ಒಂದೊಂದನ್ನೇ ಮುಟ್ಟಿ ಹೇಳಿದರು. ಮೇಲಿನ ತೆಳ್ಳಗಿನ ಕಪ್ಪು ಪದರ ನಾಲ್ಕು ವರ್ಷದ್ದಂತೆ, ಬಿಲ್ಲಿನಲ್ಲಿ ಮಾತ್ರ ದಪ್ಪವಂತೆ. ಅದರ ಕೆಳಗಿನದು ನೀನು ಹುಟ್ಟಿದ ಕಾಲದ್ದು. ಅದರ ಕೆಳಗೆ ಬೆರಳುಗಾತ್ರದ ಜಲ್ಲಿ, ನಾನು ಹುಟ್ಟುವ ಮುಂಚಿನದು. ಆಮೇಲೆ ಕೆಂಪು ಗರಸುಮಣ್ಣು, ಬಡಿದು ಬಡಿದು ಇಟ್ಟಿಗೆಯಾಗಿತ್ತು. ಎಲ್ಲಕ್ಕಿಂತ ಕೆಳಗೆ ಕಲ್ಲು.

ಆ ಕಲ್ಲನ್ನು ನಿನಗೆ ಹೇಗೆ ಹೇಳಲಿ? ಸಾಲಾಗಿ ಜೋಡಿಸಿದ್ದರು. ಒಂದಕ್ಕೊಂದು ಎಷ್ಟು ಒತ್ತಾಗಿ ಕೂತಿದ್ದವೆಂದರೆ ನನ್ನ ಉಗುರು ತೂರಲಿಲ್ಲ. ಮೇಲುಭಾಗಕ್ಕೆ ಉಳಿಯ ಗೆರೆ ಹಾಕಿ ಸಮ ಮಾಡಿದ್ದರು. ರೋಲರು ಇಲ್ಲದ ಕಾಲದ ಕೆಲಸ, ನೂರು ವರ್ಷಕ್ಕೂ ಹಳೆಯದು, ಒಬ್ಬೊಬ್ಬರೇ ಕೂತು ಒಂದೊಂದೇ ಕಲ್ಲು ಕೂರಿಸಿದ್ದು ಅಂದರು ಅವರು. ಮಾರನೇ ದಿನವೇ ಮಣ್ಣು ಬಿದ್ದು ಮುಚ್ಚಿಹೋಗುವ ಕಲ್ಲನ್ನು ಇಷ್ಟು ನಯ ಮಾಡಿದ್ದು ಯಾರು ನೋಡಲಿ ಅಂತ ನಾನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಇಪ್ಪತ್ತೆರಡು ವರ್ಷದಿಂದ ಗುಂಡಿ ಅಳೀತಿದ್ದೀನಮ್ಮ. ಎಷ್ಟು ಹೋಗಿದೆ ಅಂತಾನೇ ಬರ್ಕೊಂಡು ಬಂದೆ. ಏನು ಉಳಿದಿದೆ ಅಂತ ಯಾರೂ ಕೇಳಿರಲಿಲ್ಲ" ಅಂದರು.

ಆ ಕಲ್ಲಿನ ಮೇಲೆ ಬೆಳ್ಳಗೆ ಒಂದು ಗೀರು ಇತ್ತು. ನಮ್ಮ ವ್ಯಾನಿನ ಚಕ್ರದ ಕಬ್ಬಿಣ ತಾಗಿದ ಗುರುತು. ಆಕ್ಸೆಲ್ ಮುರಿದದ್ದು ಅಲ್ಲೇ. ಅಷ್ಟು ಭಾರದ ಗಾಡಿ ಬಂದು ಬಿದ್ದರೂ ಕಲ್ಲು ಕೂದಲೆಳೆಯಷ್ಟೂ ಕದಲಿರಲಿಲ್ಲ. ನಾನು ಅಂಗೈ ಊರಿದೆ. ತಣ್ಣಗಿತ್ತು. ಮೇಲೆ ಬಸ್ಸು, ಲಾರಿ, ಹಾರ್ನು, ಬೈಗುಳ ಎಲ್ಲ ನಡೆದೇ ಇತ್ತು, ಆದರೆ ನನ್ನ ಕಿವಿಗೆ ಏನೂ ಕೇಳಲಿಲ್ಲ. ಇಷ್ಟು ವರ್ಷ ಮೇಲೆ ನೋಡಿ ಕೈ ಮುಗಿದವಳು ನಾನು. ಕೆಳಗೆ ನೋಡಿ ಕೈ ಮುಗಿಯಬೇಕು ಅನ್ನಿಸಿದ್ದು ಅವತ್ತೇ ಮೊದಲು. ಆ ಮನುಷ್ಯ ಯಾರೋ, ಉಂಡಿದ್ದನೋ ಇಲ್ಲವೋ, ಅವನ ಹೆಸರು ಕಲ್ಲಿನ ಮೇಲೂ ಇಲ್ಲ, ನಗರಸಭೆಯ ಪುಸ್ತಕದಲ್ಲೂ ಇಲ್ಲ. ನಾವು ಮಾತ್ರ ಹುಟ್ಟಿದಾಗಿನಿಂದ ಅವನ ಕೈಗೆಲಸದ ಮೇಲೇ ಓಡಾಡುತ್ತಿದ್ದೇವೆ.

ಅಳತೆಯವರು ಆಳ, ಅಗಲ ಬರೆದುಕೊಂಡರು. ಗೀರಿನ ಫೋಟೋ ತೆಗೆದರು. ಗಾಡಿ ಇಲ್ಲೇ ಬಿದ್ದದ್ದು ಅನ್ನಲು ಇದಕ್ಕಿಂತ ಸಾಕ್ಷಿ ಬೇಡ ಅಂದರು. ಆಮೇಲೆ ಅರ್ಜಿ ತಿರುವುತ್ತ ಹತ್ತೊಂಬತ್ತು ಖಾಲಿ ಇದೆಯಲ್ಲ ಅಂದರು. ಇಲ್ಲ ಅಂದರೆ ಪೂರ್ತಿ ಪರಿಹಾರ ಬರುತ್ತದೆ, ಹೌದು ಅಂದರೆ ಅರ್ಧ ಕಡಿತ ಅಂತ ಅವರೇ ಬಿಡಿಸಿ ಹೇಳಿದರು, ಹೇಳಿ ಬೇರೆ ಕಡೆ ನೋಡುತ್ತ ನಿಂತರು. ಒಳ್ಳೆಯ ಮನುಷ್ಯ. ನನ್ನ ಕೈ ಇನ್ನೂ ಕಲ್ಲಿನ ಮೇಲೇ ಇತ್ತು.

"ಗೊತ್ತಿತ್ತು. ನನಗೆ ಗೊತ್ತಿತ್ತು" ಅಂದೆ.

ಅವರು ತಕ್ಷಣ ಬರೆಯಲಿಲ್ಲ. "ಯೋಚನೆ ಮಾಡಿ ಹೇಳಿ ಅಮ್ಮ."

"ಯೋಚನೆ ಮಾಡಿದ್ರೆ ಬೇರೆ ಹೇಳ್ತಿದ್ದೆ. ಬರ್ಕೊಳ್ಳಿ."

ಅರ್ಧ ಯಾಕೆ ಬಂತು ಅನ್ನುವುದಕ್ಕೆ ಉತ್ತರ ಇದು. ಟೈಪಮ್ಮ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಬಂದು, ಆ ಕಲ್ಲು ನಿಜವಾಗಿಯೂ ಅಷ್ಟು ಚೆನ್ನಾಗಿತ್ತಾ ಅಂತ ಕೇಳಿದಳು.

ನೋಡುವ ಅವಕಾಶ ಅವಳಿಗೆ ತಪ್ಪಿತು. ಸೋಮವಾರವೇ ಅಳತೆಯವರು ಆಳುಗಳನ್ನು ಕರೆತಂದು ಗುಂಡಿ ಮುಚ್ಚಿಸಿದರು. ಜಲ್ಲಿ ಸುರಿಯುವ ಮುಂಚೆ ನಾನು ಒಣ ಟವೆಲಿನಿಂದ ಕಲ್ಲನ್ನು ಒರೆಸಿಕೊಟ್ಟೆ. ಒಬ್ಬ ಆಳು, ಒಳಗಡೆ ಹೋಗುವುದಕ್ಕೆ ಯಾಕಮ್ಮ ಇಷ್ಟು ಸಿಂಗಾರ ಅಂದ. ಅಳತೆಯವರು ಅವನನ್ನು ಸುಮ್ಮನಿರಿಸಿದರು.

ವ್ಯಾನಿನ ವಿಷಯ. ಗ್ಯಾರೇಜಿನವರು ಹಳೇ ಗಾಡಿಯೊಂದರ ಆಕ್ಸೆಲ್ ಹುಡುಕಿಟ್ಟಿದ್ದಾರೆ. ಅರ್ಧಕ್ಕೆ ಸಾಲದ್ದಕ್ಕೆ ನಾನು ಒಂದು ವರ್ಷ ಅವರ ಗ್ರೀಸಿನ ಬಟ್ಟೆಯೆಲ್ಲ ಒಗೆದುಕೊಡುವುದು ಅಂತ ಮಾತಾಗಿದೆ. ಮೊದಲ ಗಂಟು ನಿನ್ನೆಯೇ ಬಂತು, ನೀರು ಆರು ಸಲ ಬದಲಾಯಿಸಿದೆ. ಆಸ್ಪತ್ರೆಯವರು ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಅಲ್ಲಿಯವರೆಗೆ ಬಾಡಿಗೆ ಗಾಡಿಯಲ್ಲಿ ಬಟ್ಟೆ ಕಳಿಸುತ್ತಿದ್ದೇನೆ. ಅದರ ಡ್ರೈವರು ಮೂಟೆಗಳನ್ನು ಎಸೆಯುವುದು ನೋಡಿದರೆ ನೀನು ಅವನನ್ನೇ ಮಡಿಸಿಡುತ್ತೀಯ. ವ್ಯಾನು ಇಪ್ಪತ್ತನೇ ತಾರೀಖಿಗೆ ಎದ್ದು ನಿಲ್ಲುತ್ತದೆ. ಓಡಿಸುವವಳು ಬರುತ್ತಾಳೋ ಇಲ್ಲವೋ ಅಂತ ಗ್ಯಾರೇಜಿನವರು ಕೇಳಿದರು. ಅವಳನ್ನೇ ಕೇಳಬೇಕು ಅಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೊಲಿಗೆ ಹಾಕಿದ ಜಾಗಕ್ಕೆ ಬಿಸಿಲು ತಾಗಿಸಬೇಡ.

ನಿನ್ನ ಬರವಿಗಾಗಿ ದಾರಿ ಕಾಯುತ್ತಿರುವ
ಅಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಧೈರ್ಯ ಬಾರದೆ ಬಿಟ್ಟದ್ದು. ಕಾಗದ ಮಡಿಸಿ ಲಕೋಟೆಗೆ ಹಾಕಿ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಅವತ್ತು ನಾನು ಕಣ್ಣು ಮುಚ್ಚಿರಲಿಲ್ಲ, ಪ್ರಾರ್ಥನೆಯನ್ನೂ ಮಾಡುತ್ತಿರಲಿಲ್ಲ. ನೀನು ದೇವರ ಬಗ್ಗೆ ಆಡಿದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮೊದಲು ಅವಳೇ ಮಾತಾಡಲಿ ಅಂತ ಮನೆಯಿಂದ ಸೇತುವೆಯವರೆಗೆ ತುಟಿ ಹೊಲಿದುಕೊಂಡು ಕೂತಿದ್ದೆ. ನೀರು ಕಾಣಿಸಿತು. 'ಬಲಕ್ಕೆ' ಅನ್ನುವ ಒಂದೇ ಒಂದು ಮಾತು ನಾಲಿಗೆಯ ತುದಿಗೆ ಬಂತು. ಸೋತ ಹಾಗಾಗುತ್ತದೆ ಅಂತ ನುಂಗಿದೆ. ಅಷ್ಟರಲ್ಲಿ ಚಕ್ರ ಇಳಿದಿತ್ತು. ನೀನು ಕೆಟ್ಟ ಡ್ರೈವರಲ್ಲ ಮಗಳೇ, ನಿನ್ನ ಪಕ್ಕದಲ್ಲಿ ಹಟಮಾರಿ ಮುದುಕಿ ಕೂತಿದ್ದಳು, ಅಷ್ಟೇ. ಇದನ್ನು ಅಳತೆಯವರಿಗೆ ಹೇಳಲಿಲ್ಲ, ಅರ್ಜಿಯಲ್ಲಿ ಇದಕ್ಕೆ ಕಲಮಿರಲಿಲ್ಲ. ನಿನಗೆ ಹೇಳುತ್ತಿದ್ದೇನೆ. ಇಗೋ, ಮೊದಲು ನಾನೇ ಮಾತಾಡಿದೆ.